ಬೆಳಕಿಗೆ ಬಣ್ಣ, ಕ್ಯಾಮೆರಾಗೆ ಬಿಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಚಿತ್ರೀಕರಣದ ದೀಪಗಳ ಮುಂದೆ ಹಾಕುವ ಬಣ್ಣದ ಜೆಲ್ ಹಾಳೆಗಳ ಬಗ್ಗೆ ಕೆಲವರು, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಬಗ್ಗೆ ಇನ್ನು ಕೆಲವರು ಈ ತಿಂಗಳು ಬರೆದಿದ್ದಾರೆ. ಎರಡನ್ನೂ ಒಟ್ಟಿಗೇ ಎತ್ತಿಕೊಂಡಿದ್ದೇನೆ. ಜೆಲ್‌ನ ಬಣ್ಣ ತೆರೆಯ ಮೇಲೆ ಎಷ್ಟು ಕಾಣುತ್ತದೆ ಎಂಬುದು ಆ ಹಾಳೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕ್ಯಾಮೆರಾ ಯಾವ ಬೆಳಕನ್ನು ಬಿಳಿಯೆಂದು ಒಪ್ಪಿಕೊಂಡಿದೆ ಎಂಬುದೂ ಅದರಲ್ಲಿ ಸೇರಿದೆ. ಪತ್ರಗಳಲ್ಲಿ ಹೇಳಿಕೊಂಡ ತೊಡಕುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ಮರೆತು ಇನ್ನೊಂದನ್ನು ತಿದ್ದಲು ಹೋದದ್ದರಿಂದ ಹುಟ್ಟಿದವು.

ಪ್ರಶ್ನೆ: ಸಾಗರದ ಹತ್ತಿರ ಅಜ್ಜನ ಕಾಲದ ಹೆಂಚಿನ ಮನೆಯೊಂದರಲ್ಲಿ ಕಿರುಚಿತ್ರ ಚಿತ್ರೀಕರಿಸುತ್ತಿದ್ದೇವೆ. ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕುಳಿತ ಅಜ್ಜಿಯ ಪಾತ್ರದ ಮುಖಕ್ಕೆ, ಬಾಡಿಗೆಗೆ ತಂದ 1000 ವ್ಯಾಟ್‌ನ ಟಂಗ್‌ಸ್ಟನ್ ದೀಪವನ್ನು ಹಾಕಿದ್ದೇವೆ. ಮುಖದ ಬಣ್ಣ ಸರಿ ಕಂಡರೆ ಕಿಟಕಿ ನೀಲಿಯಾಗುತ್ತದೆ, ಕಿಟಕಿ ಸರಿ ಕಂಡರೆ ಮುಖ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಜೆಲ್ ಹಾಕಬೇಕಾದದ್ದು ಕಿಟಕಿಗೋ ದೀಪಕ್ಕೋ?

ಉತ್ತರ: ಯಾವುದಕ್ಕಾದರೂ ಹಾಕಬಹುದು, ಆದರೆ ಅದಕ್ಕೆ ಮೊದಲು ಆ ದೃಶ್ಯದಲ್ಲಿ ಬಿಳಿ ಯಾವುದು ಎಂಬುದನ್ನು ನೀವು ನಿರ್ಧರಿಸಬೇಕು. ಬೆಳಕಿನ ಬಣ್ಣವನ್ನು ವರ್ಣತಾಪ ಎಂಬ ಅಳತೆಯಲ್ಲಿ, ಕೆಲ್ವಿನ್ ಅಂಕಿಗಳಲ್ಲಿ ಹೇಳುತ್ತಾರೆ; ಅಂಕಿ ಇಳಿದಷ್ಟೂ ಕಿತ್ತಳೆ, ಏರಿದಷ್ಟೂ ನೀಲಿ. ನಿಮ್ಮ ಟಂಗ್‌ಸ್ಟನ್ ದೀಪದ ವರ್ಣತಾಪ ಸುಮಾರು 3200 ಕೆಲ್ವಿನ್. ಬಿಸಿಲೂ ಆಕಾಶದ ಬೆಳಕೂ ಬೆರೆತ ನಡುಹಗಲಿನದು ಸುಮಾರು 5600, ಮೋಡ ಮುಸುಕಿದ ಹಗಲಿನದು 6500ರ ಆಸುಪಾಸು, ಬಿಸಿಲು ಬೀಳದ ಕಡೆಗೆ ನೀಲಿ ಆಕಾಶದಿಂದಷ್ಟೇ ಬರುವ ಬೆಳಕು ಅದಕ್ಕಿಂತಲೂ ಮೇಲೆ. ನಮ್ಮ ಕಣ್ಣು ಮತ್ತು ಮಿದುಳು ಈ ಅಂತರವನ್ನು ತಾವಾಗಿಯೇ ಸರಿದೂಗಿಸಿಕೊಳ್ಳುವುದರಿಂದ ಅಡುಗೆಮನೆಯಲ್ಲಿ ನಿಂತವರಿಗೆ ಎರಡೂ ಬೆಳಕು ಬಿಳಿಯಾಗಿಯೇ ಕಾಣುತ್ತವೆ. ಕ್ಯಾಮೆರಾಗೆ ಒಂದು ಸಲಕ್ಕೆ ಒಂದೇ ಬಿಳಿ. ಅದನ್ನು 3200ಕ್ಕೆ ಇಟ್ಟರೆ ದೀಪದ ಬೆಳಕು ಬಿಳಿಯಾಗುತ್ತದೆ, ಹಗಲು ನೀಲಿಯಾಗುತ್ತದೆ. 5600ಕ್ಕೆ ಇಟ್ಟರೆ ಇದು ತಿರುಗುಮುರುಗಾಗುತ್ತದೆ. ನೀವು ಕಂಡದ್ದು ಇದನ್ನೇ.

ದೀಪವನ್ನು ಹಗಲಿಗೆ ಹೊಂದಿಸುವುದು ಒಂದು ದಾರಿ. ಫುಲ್ ಸಿಟಿಬಿ ಎಂದು ಕರೆಯುವ ನೀಲಿ ಜೆಲ್ ಅನ್ನು ದೀಪದ ಮುಂದೆ ಹಾಕಿದರೆ 3200 ಕೆಲ್ವಿನ್ನಿನ ಬೆಳಕು ಸುಮಾರು 5700ಕ್ಕೆ ಏರುತ್ತದೆ, ಕ್ಯಾಮೆರಾವನ್ನು 5600ಕ್ಕೆ ಇಟ್ಟು ಕೆಲಸ ಮುಂದುವರಿಸಬಹುದು. ಆದರೆ ಜೆಲ್ ಬೆಳಕಿಗೆ ನೀಲಿಯನ್ನು ಸೇರಿಸುವುದಿಲ್ಲ, ಅದರಲ್ಲಿರುವ ಕೆಂಪು ಮತ್ತು ಹಳದಿಯನ್ನು ಹೀರಿಕೊಂಡು ಉಳಿದದ್ದನ್ನು ಹೊರಬಿಡುತ್ತದೆ ಎಂಬುದನ್ನು ಮರೆಯಬಾರದು. ಟಂಗ್‌ಸ್ಟನ್ ಬೆಳಕಿನಲ್ಲಿ ನೀಲಿ ಮೊದಲೇ ಕಡಿಮೆ ಇರುವುದರಿಂದ ಫುಲ್ ಸಿಟಿಬಿಯನ್ನು ದಾಟಿ ಬರುವುದು ನೂರಕ್ಕೆ ಸುಮಾರು 34 ಪಾಲು ಮಾತ್ರ. ಎಂದರೆ ಒಂದೂವರೆ ಸ್ಟಾಪ್ ನಷ್ಟ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ), ನಿಮ್ಮ 1000 ವ್ಯಾಟ್ ದೀಪ 340 ವ್ಯಾಟ್ ದೀಪದಷ್ಟು ಕೆಲಸ ಮಾಡುತ್ತದೆ. ತೆರೆದ ಕಿಟಕಿಯ ಹಗಲಿನ ಎದುರು ಅಷ್ಟು ಬೆಳಕು ಸಾಲುವುದು ಕಷ್ಟ.

ಹಗಲನ್ನೇ ದೀಪಕ್ಕೆ ಹೊಂದಿಸುವುದು ಇನ್ನೊಂದು ದಾರಿ. ಕಿಟಕಿಗೆ ಫುಲ್ ಸಿಟಿಓ, ಅಂದರೆ ಕಿತ್ತಳೆ ಜೆಲ್ ಹೊದಿಸಿದರೆ 6500 ಕೆಲ್ವಿನ್ನಿನ ಮೋಡದ ಬೆಳಕು 3200ಕ್ಕೆ ಇಳಿಯುತ್ತದೆ. ಅದು ಅರ್ಧಕ್ಕಿಂತ ತುಸು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, ಮತ್ತು ಇಲ್ಲಿ ಬೆಳಕು ಕಳೆದುಹೋಗುವುದು ನಷ್ಟವಲ್ಲ, ಲಾಭ. ಹೊರಗಿನ ಬೆಳಕು ತಗ್ಗಿದಷ್ಟೂ ಕಿಟಕಿಯಾಚೆಯ ತೋಟದ ವಿವರಗಳು ಸುಟ್ಟುಹೋಗದೆ ಚಿತ್ರದಲ್ಲಿ ಉಳಿಯುತ್ತವೆ. ಬಣ್ಣವನ್ನೂ ಪ್ರಖರತೆಯನ್ನೂ ಒಟ್ಟಿಗೆ ತಗ್ಗಿಸುವ, ಸಿಟಿಓ ಮತ್ತು ಎನ್‌ಡಿ (ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಜೆಲ್) ಎರಡೂ ಸೇರಿದ ಹಾಳೆಗಳೇ ಸಿಗುತ್ತವೆ. ಜೆಲ್‌ನ ಒಂದು ರೋಲ್ ಸಾಮಾನ್ಯವಾಗಿ 1.22 ಮೀಟರ್ ಅಗಲ, 7.62 ಮೀಟರ್ ಉದ್ದ ಇರುವುದರಿಂದ ಹಳೆಯ ಮನೆಯ ಸಣ್ಣ ಕಿಟಕಿಗಳಿಗೆ ಧಾರಾಳವಾಗಿ ಸಾಕು. ಮರದ ಸರಳುಗಳಿರುವ ಕಿಟಕಿಗೆ ಹಾಳೆಯನ್ನು ಹೊರಗಿನಿಂದ, ಚೌಕಟ್ಟಿನ ಅಂಚಿಗೆ ಬಿಗಿಯಾಗಿ ಎಳೆದು ಹಚ್ಚಿ. ಆಗ ಸರಳುಗಳು ಜೆಲ್‌ನ ಮುಂದೆ ಸಹಜವಾಗಿ ಕಾಣುತ್ತವೆ. ಸಡಿಲ ಬಿಟ್ಟರೆ ಸುಕ್ಕುಗಳು ದೀಪದ ಬೆಳಕಿಗೆ ಹೊಳೆಯುತ್ತವೆ, ಗಾಳಿ ಬಂದಾಗ ಹಾಳೆ ಪಟಪಟ ಬಡಿದು ಧ್ವನಿಮುದ್ರಣವೂ ಕೆಡುತ್ತದೆ.

ನಿಮ್ಮ ದೃಶ್ಯಕ್ಕೆ ನಾನು ಈ ಎರಡನ್ನೂ ಪೂರ್ತಿಯಾಗಿ ಅನುಸರಿಸುತ್ತಿರಲಿಲ್ಲ. ಕ್ಯಾಮೆರಾವನ್ನು ನಡುವೆ, 4300 ಕೆಲ್ವಿನ್ನಿಗೆ ಇಟ್ಟು, ದೀಪಕ್ಕೆ ಕ್ವಾರ್ಟರ್ ಸಿಟಿಬಿ ಮಾತ್ರ ಹಾಕುತ್ತಿದ್ದೆ. ಆಗ ದೀಪ ಸುಮಾರು 3600ಕ್ಕೆ ಬರುತ್ತದೆ, ಬೆಳಕಿನ ನಷ್ಟವೂ ಹೆಚ್ಚಿಲ್ಲ. ಅಜ್ಜಿಯ ಮುಖದಲ್ಲಿ ಒಲೆಯ ಬಳಿಯ ತುಸು ಬೆಚ್ಚನೆಯ ಬಣ್ಣ ಉಳಿಯುತ್ತದೆ, ಕಿಟಕಿಯಲ್ಲಿ ಮಳೆಗಾಲದ ಹಗಲಿನ ತಂಪು ಉಳಿಯುತ್ತದೆ, ಆದರೆ ಎರಡರಲ್ಲಿ ಯಾವುದೂ ಕಣ್ಣಿಗೆ ಹೊಡೆಯುವುದಿಲ್ಲ. ಒಳಗಿನ ಬೆಳಕೂ ಹೊರಗಿನ ಬೆಳಕೂ ಒಂದೇ ಬಣ್ಣವಾಗಿಬಿಟ್ಟರೆ ಮನೆಯ ಒಳಗು ಹೊರಗು ಎಂಬ ಭೇದವೇ ಚಿತ್ರದಲ್ಲಿ ಅಳಿಸಿಹೋಗುತ್ತದೆ. ಜೆಲ್‌ಗಳು ಫುಲ್, ಹಾಫ್, ಕ್ವಾರ್ಟರ್, ಒನ್-ಎಯ್ತ್ ಎಂಬ ಅಳತೆಗಳಲ್ಲಿ ಸಿಗುವುದು ಇಂಥ ಅರೆಬರೆ ತಿದ್ದುಪಡಿಗಾಗಿಯೇ.

ನೀವು ಕೇಳದ ಎರಡು ಸಂಗತಿಗಳನ್ನು ಇಲ್ಲಿಯೇ ಸೇರಿಸುತ್ತೇನೆ, ಏಕೆಂದರೆ ಅಂಥ ಮನೆಗಳಲ್ಲಿ ಇವು ತಪ್ಪದೆ ಎದುರಾಗುತ್ತವೆ. ಕಿಟಕಿಯಾಚೆ ಅಡಿಕೆ ತೋಟವಿದ್ದರೆ ಎಲೆಗಳಿಂದ ಹಾಯ್ದು ಬರುವ ಬೆಳಕಿನಲ್ಲಿ ಹಸಿರು ಇರುತ್ತದೆ. ಅದು ಕೆಲ್ವಿನ್ ಅಂಕಿಯನ್ನು ಏರಿಸಿ ಇಳಿಸಿದರೆ ಹೋಗುವುದಿಲ್ಲ, ಕ್ಯಾಮೆರಾದ ಟಿಂಟ್ ಹೊಂದಾಣಿಕೆಯಲ್ಲಿ ಸ್ವಲ್ಪ ಮಜೆಂಟಾ ಕಡೆಗೆ ಸರಿಯಬೇಕು. ಹಾಗೆಯೇ ಕೆಂಪು ಗಾರೆ ನೆಲಕ್ಕೆ ಬಿಸಿಲು ಬಿದ್ದರೆ ಅಲ್ಲಿಂದ ಎದ್ದ ಕೆಂಪು ಬೆಳಕು ನೆಲದಲ್ಲಿ ಕುಳಿತವರ ಗಲ್ಲದ ಕೆಳಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಯಾವ ಜೆಲ್ ಕೂಡ ಮದ್ದಲ್ಲ. ಫ್ರೇಮಿನ ಹೊರಗೆ ನೆಲದ ಮೇಲೆ ಬಿಳಿಯ ಪಂಚೆಯನ್ನೋ ಥರ್ಮಾಕೋಲ್ ಹಲಗೆಯನ್ನೋ ಹಾಸಿದರೆ ಸಾಕು. ಕಿಟಕಿಯ ಬೆಳಕು ಬೆಳಗಿನಿಂದ ಸಂಜೆಗೆ ಬದಲಾಗುತ್ತಲೇ ಇರುವುದರಿಂದ, ಒಂದೇ ದೃಶ್ಯವನ್ನು ಹಲವು ಗಂಟೆ ಎಳೆಯುವಾಗ ಪ್ರತಿ ಶಾಟ್‌ಗೆ ಮೊದಲು ಬೂದು ಕಾರ್ಡ್ (ಯಾವ ಬಣ್ಣದತ್ತಲೂ ವಾಲದ ಬೂದು ಹಲಗೆ) ಹಿಡಿದು ನೋಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಸಂಜೆಯ ಬಿಸಿಲಿನಂತೆ ಕಾಣಲಿ ಎಂದು ಎಲ್‌ಇಡಿ ದೀಪಕ್ಕೆ ಕಿತ್ತಳೆ ಜೆಲ್ ಹಾಕಿದೆ. ಆಮೇಲೆ ಕ್ರಮಪ್ರಕಾರ ಬಿಳಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿದೆ. ಕಿತ್ತಳೆ ಬಣ್ಣವೇ ಮಾಯವಾಯಿತು. ಜೆಲ್ ಕಳಪೆಯದಿರಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಜೆಲ್‌ನಲ್ಲಿ ದೋಷವಿಲ್ಲ. ನೀವು ಕಿತ್ತಳೆ ಬೆಳಕು ಬಿದ್ದ ಕಾಗದವನ್ನು ತೋರಿಸಿ ಇದು ಬಿಳಿ ಎಂದಿರಿ, ಕ್ಯಾಮೆರಾ ಆ ಮಾತನ್ನು ನಂಬಿ ಅಷ್ಟು ಕಿತ್ತಳೆಯನ್ನು ಇಡೀ ಚಿತ್ರದಿಂದ ಕಳೆಯಿತು. ಜೆಲ್ ತೆಗೆದು, ಬರಿಯ ದೀಪದ ಬೆಳಕಿನಲ್ಲಿ ವೈಟ್ ಬ್ಯಾಲೆನ್ಸ್ ಮಾಡಿ, ಆ ಹೊಂದಾಣಿಕೆಯನ್ನು ಬದಲಿಸದೆ ಜೆಲ್ ಹಾಕಿದರೆ ಬಣ್ಣ ಉಳಿಯುತ್ತದೆ. ದೀಪದ ಕೆಲ್ವಿನ್ ಅಂಕಿ ಗೊತ್ತಿದ್ದರೆ ಕಾಗದದ ಗೊಡವೆಯೂ ಬೇಡ, ಅಂಕಿಯನ್ನು ನೇರವಾಗಿ ಕ್ಯಾಮೆರಾದಲ್ಲಿ ಹಾಕಿಬಿಡಿ. ಅಂದ ಹಾಗೆ, ಮನೆಯಲ್ಲಿ ಸಿಗುವ ಬಿಳಿ ಕಾಗದಗಳಿಗೆ ಹೆಚ್ಚು ಬೆಳ್ಳಗೆ ಕಾಣಲೆಂದು ನೀಲಿ ಹೊಳಪು ಕೊಡುವ ರಾಸಾಯನಿಕ ಬೆರೆಸಿರುತ್ತಾರೆ. ಈ ಕೆಲಸಕ್ಕೆಂದೇ ಮಾಡಿದ ಬೂದು ಕಾರ್ಡ್ ಹೆಚ್ಚು ನಂಬಿಕೆಗೆ ಅರ್ಹ.

ಇದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳುವ ಹಳೆಯ ಕ್ರಮವೊಂದಿದೆ. ದೀಪದ ಮುಂದೆ ತೆಳು ನೀಲಿ ಜೆಲ್ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ, ಅನಂತರ ಆ ಜೆಲ್ ತೆಗೆದುಬಿಟ್ಟರೆ ಇಡೀ ದೃಶ್ಯ ಬೆಚ್ಚನೆಯ ಬಣ್ಣಕ್ಕೆ ಸರಿಯುತ್ತದೆ. ತೆಳು ನೀಲಿ ಬಣ್ಣದ ಕಾರ್ಡುಗಳನ್ನು ಇದಕ್ಕೆಂದೇ ಮಾರುತ್ತಾರೆ. ಆದರೆ ಇಲ್ಲಿರುವ ವ್ಯತ್ಯಾಸವನ್ನು ಗಮನಿಸಿ. ವೈಟ್ ಬ್ಯಾಲೆನ್ಸ್ ಆಗಲಿ, ಲೆನ್ಸಿನ ಮೇಲೆ ಹಾಕುವ ಫಿಲ್ಟರ್ ಆಗಲಿ, ಫ್ರೇಮಿನೊಳಗಿನ ಎಲ್ಲವನ್ನೂ ಒಂದೇ ದಿಕ್ಕಿಗೆ ತಳ್ಳುತ್ತದೆ. ದೀಪಕ್ಕೆ ಹಾಕಿದ ಜೆಲ್ ಆ ಒಂದು ದೀಪದ ಬೆಳಕನ್ನು ಮಾತ್ರ ಬದಲಿಸುತ್ತದೆ. ಸಂಜೆ ಎನ್ನಿಸಬೇಕಾದರೆ ಬಿಸಿಲು ಬಿದ್ದ ಭಾಗ ಕಿತ್ತಳೆಯಾಗಿ, ನೆರಳಿನ ಭಾಗ ತಣ್ಣಗೆ ಇರಬೇಕು. ಎಲ್ಲವೂ ಕಿತ್ತಳೆಯಾದರೆ ಅದು ಸಂಜೆಯಂತೆ ಕಾಣದು, ಬಣ್ಣ ಮಾಸಿದ ಹಳೆಯ ಫೋಟೋದಂತೆ ಕಾಣುತ್ತದೆ.

ಫಿಲ್ಮ್ ರೀಲಿನ ಕಾಲದಲ್ಲಿ ಈ ತಿಳಿವಳಿಕೆ ಇಲ್ಲದೆ ಕೆಲಸವೇ ನಡೆಯುತ್ತಿರಲಿಲ್ಲ. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ ತೆರೆಗೆ ಬಂದದ್ದು 1964ರಲ್ಲಿ. ಅಂದಿನಿಂದ ಡಿಜಿಟಲ್ ಕ್ಯಾಮೆರಾ ಬರುವವರೆಗೂ ಬಿಳಿ ಯಾವುದು ಎಂಬುದನ್ನು ಫಿಲ್ಮ್ ತಯಾರಾಗುವಾಗಲೇ ನಿರ್ಧರಿಸಿರುತ್ತಿದ್ದರು. ಇಂದಿಗೂ ಕೊಡ್ಯಾಕ್ ಕಂಪನಿಯ 500ಟಿ ಫಿಲ್ಮ್ 3200 ಕೆಲ್ವಿನ್ನಿಗೆ, 250ಡಿ ಫಿಲ್ಮ್ 5500 ಕೆಲ್ವಿನ್ನಿಗೆ ಹೊಂದಿದವು. ಟಂಗ್‌ಸ್ಟನ್ ಫಿಲ್ಮ್ ಹಾಕಿಕೊಂಡು ಬಿಸಿಲಿಗೆ ಹೋದ ಛಾಯಾಗ್ರಾಹಕರು ಲೆನ್ಸಿಗೆ 85 ಸಂಖ್ಯೆಯ ಕಿತ್ತಳೆ ಫಿಲ್ಟರ್ ಹಾಕುತ್ತಿದ್ದರು. ಅದೇ ಆ ಕಾಲದ ವೈಟ್ ಬ್ಯಾಲೆನ್ಸ್.

ಪ್ರಶ್ನೆ: ಚಿತ್ರಕಲೆಯ ತರಗತಿಯಲ್ಲಿ ಕೆಂಪು, ಹಳದಿಗಳನ್ನು ಉಷ್ಣ ವರ್ಣವೆಂದೂ ನೀಲಿಯನ್ನು ಶೀತ ವರ್ಣವೆಂದೂ ಕಲಿತಿದ್ದೇನೆ. ಆದರೆ ಕೆಲ್ವಿನ್ ಲೆಕ್ಕದಲ್ಲಿ ನೀಲಿಗೇ ಹೆಚ್ಚಿನ ತಾಪಮಾನ ಏಕೆ? ಒಂದೇ ಹಾಫ್ ಸಿಟಿಓ ಹಾಳೆ ಬೇರೆ ಬೇರೆ ದೀಪಗಳ ಕೆಲ್ವಿನ್ ಅಂಕಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಇಳಿಸುವುದು ಏಕೆ? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಕಮ್ಮಾರನ ಕುಲುಮೆಯನ್ನು ನೆನಪಿಸಿಕೊಳ್ಳಿ. ಕಾಯುತ್ತಿರುವ ಕಬ್ಬಿಣ ಮೊದಲು ಮಂಕು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಬೆಳ್ಳಗಾಗುತ್ತದೆ. ಕರಗದೆ ಇನ್ನೂ ಕಾಯುವ ವಸ್ತುವೊಂದು ಇದ್ದರೆ ಅದರ ಬೆಳಕು ನೀಲಿಯತ್ತ ವಾಲುತ್ತದೆ. ಭೌತವಿಜ್ಞಾನಿಗಳು ಕೃಷ್ಣಕಾಯ ಎಂದು ಕರೆಯುವ ಆದರ್ಶ ವಸ್ತುವೊಂದನ್ನು ಎಷ್ಟು ಕಾಯಿಸಿದರೆ ಈ ಬಣ್ಣದ ಬೆಳಕು ಬರುತ್ತದೆಯೋ ಆ ತಾಪಮಾನವೇ ಆ ಬೆಳಕಿನ ವರ್ಣತಾಪ. ಉಷ್ಣ, ಶೀತ ಎಂಬ ಚಿತ್ರಕಲೆಯ ಮಾತು ಮನಸ್ಸಿಗೆ ಬೆಂಕಿಯೂ ನೀರೂ ನೆನಪಾಗುವುದರಿಂದ ಬಂದದ್ದು. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಮೇಣದಬತ್ತಿಯದು ಸುಮಾರು 1900 ಕೆಲ್ವಿನ್, ಮನೆಯ ಹಳೆಯ ತಂತಿ ಬಲ್ಬಿನದು 2700 ಅಥವಾ 2800. ತಂತಿ ಬಲ್ಬಿನಲ್ಲಿ ಇದು ಹೋಲಿಕೆಯ ಮಾತಲ್ಲ, ಒಳಗಿನ ತಂತಿ ನಿಜಕ್ಕೂ ಹೆಚ್ಚುಕಡಿಮೆ ಅಷ್ಟು ಕಾದಿರುತ್ತದೆ. ಟಂಗ್‌ಸ್ಟನ್ ಲೋಹ 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂದರೆ 3695 ಕೆಲ್ವಿನ್ನಿನಲ್ಲಿ ಕರಗುವುದರಿಂದ ಅಂಥ ದೀಪ ತಾನಾಗಿ ಹಗಲಿನ 5600ಕ್ಕೆ ಏರುವುದು ಎಂದಿಗೂ ಸಾಧ್ಯವಿಲ್ಲ. ಅದಕ್ಕೆ ನೀಲಿ ಜೆಲ್ ಬೇಕೇ ಬೇಕು. ನೀಲಿ ಆಕಾಶದ 10000 ಕೆಲ್ವಿನ್ ಮಾತ್ರ ಬಣ್ಣದ ಹೋಲಿಕೆಯಷ್ಟೇ, ಆಕಾಶ ಅಷ್ಟು ಕಾದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಕೆಲ್ವಿನ್ ಅಂಕಿಗಳ ಅಂತರವೂ ಕಣ್ಣಿಗೆ ಕಾಣುವ ಬಣ್ಣದ ಅಂತರವೂ ಜೊತೆಯಾಗಿ ನಡೆಯುವುದಿಲ್ಲ. 2000ದಿಂದ 2500ಕ್ಕೆ ಹೋದರೆ ಬಣ್ಣ ಎದ್ದುಕಾಣುವಷ್ಟು ಬದಲಾಗುತ್ತದೆ, 6000ದಿಂದ 6500ಕ್ಕೆ ಹೋದರೆ ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಜೆಲ್‌ಗಳ ಶಕ್ತಿಯನ್ನು ಮೈರೆಡ್ ಎಂಬ ಮಾನದಲ್ಲಿ ಹೇಳುತ್ತಾರೆ. ಹತ್ತು ಲಕ್ಷವನ್ನು ಕೆಲ್ವಿನ್ ಅಂಕಿಯಿಂದ ಭಾಗಿಸಿದರೆ ಮೈರೆಡ್ ಬರುತ್ತದೆ. 2000ಕ್ಕೆ ಅದು 500, 2500ಕ್ಕೆ 400, ಅಂತರ 100. 6000 ಮತ್ತು 6500ರ ನಡುವಿನ ಅಂತರ 13ರಷ್ಟು ಮಾತ್ರ. ಲೀ ಕಂಪನಿಯ ಹಾಫ್ ಸಿಟಿಓ, ಎಂದರೆ 205 ಸಂಖ್ಯೆಯ ಹಾಳೆ, ಯಾವ ದೀಪದ ಮುಂದೆ ಹಾಕಿದರೂ 109 ಮೈರೆಡ್ ಕೂಡಿಸುತ್ತದೆ. 6500 ಕೆಲ್ವಿನ್ ಎಂದರೆ 154 ಮೈರೆಡ್, ಅದಕ್ಕೆ 109 ಕೂಡಿಸಿದರೆ 263, ಅದನ್ನು ಮತ್ತೆ ಕೆಲ್ವಿನ್‌ಗೆ ತಿರುಗಿಸಿದರೆ 3800. ಅದೇ ಹಾಳೆಯನ್ನು 3200ರ ದೀಪಕ್ಕೆ ಹಾಕಿದರೆ 312 ಮತ್ತು 109 ಸೇರಿ 421, ಎಂದರೆ ಸುಮಾರು 2370 ಕೆಲ್ವಿನ್. ಮೊದಲನೆಯದು 2700ರಷ್ಟು ಇಳಿಯಿತು, ಎರಡನೆಯದು 830ರಷ್ಟು ಮಾತ್ರ. ಜೆಲ್ ಮಾಡಿದ ಕೆಲಸ ಎರಡೂ ಕಡೆ ಒಂದೇ. ಒಂದು ಸಣ್ಣ ಪುಸ್ತಕದಲ್ಲಿ ನಿಮ್ಮಲ್ಲಿರುವ ಜೆಲ್‌ಗಳ ಮೈರೆಡ್ ಅಂಕಿಗಳನ್ನು ಬರೆದಿಟ್ಟುಕೊಂಡರೆ ಸೆಟ್ಟಿನಲ್ಲಿ ಊಹೆಯ ಮೇಲೆ ಹಾಳೆ ಬದಲಿಸುತ್ತ ಹೊತ್ತು ಕಳೆಯಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮ ಊರಿನ ಯಕ್ಷಗಾನ ಪ್ರದರ್ಶನವನ್ನು ದಾಖಲಿಸಲು ಹೋಗಿದ್ದೆವು. ರಂಗಸ್ಥಳ ಚೆನ್ನಾಗಿ ಕಾಣಲಿ ಎಂದು ಸಂಘಟಕರು ಹಸಿರು, ಕೆಂಪು, ನೀಲಿ ದೀಪಗಳನ್ನು ಮುಂದಿನಿಂದಲೇ ಹಾಕಿದ್ದರು. ಕೆಂಪು ದಗಲೆ ಕಪ್ಪಾಗಿ ಕಂಡಿತು, ಮುಖವರ್ಣಿಕೆಯ ಗೆರೆಗಳು ಅಳಿಸಿಹೋದವು. ಎಡಿಟಿಂಗ್‌ನಲ್ಲಿ ತಿದ್ದಲು ಆಗಲಿಲ್ಲ. (ಕುಂದಾಪುರದ ಓದುಗರು)

ಉತ್ತರ: ನಿಮ್ಮ ಪತ್ರ ಓದಿ ನಿಜಕ್ಕೂ ಸಂಕಟವಾಯಿತು. ವೇಷಧಾರಿಯೊಬ್ಬರು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಬಣ್ಣವನ್ನು ದೀಪದ ಮುಂದಿನ ಒಂದು ಹಾಳೆ ಕ್ಷಣದಲ್ಲಿ ಅಳಿಸಿಬಿಡಬಲ್ಲದು, ಮತ್ತು ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕೆಂಪು ಬಟ್ಟೆ ಕೆಂಪಾಗಿ ಕಾಣುವುದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿರುವ ಕೆಂಪನ್ನು ಹಿಂದಿರುಗಿಸಿ ಉಳಿದದ್ದನ್ನು ಹೀರಿಕೊಳ್ಳುವುದರಿಂದ. ಗಾಢ ಹಸಿರು ಜೆಲ್ ದೀಪದಲ್ಲಿದ್ದ ಕೆಂಪನ್ನು ಮೊದಲೇ ತಡೆದಿದೆ. ಹಿಂದಿರುಗಿಸಲು ಕೆಂಪು ಇಲ್ಲದಿದ್ದಾಗ ದಗಲೆ ಕಪ್ಪಾಗದೆ ಬೇರೆ ದಾರಿಯಿಲ್ಲ. ಕೆಂಪು ಬೆಳಕಿನಲ್ಲಿ ಇದರ ವಿರುದ್ಧ ನಡೆಯುತ್ತದೆ: ಕೆಂಪು ಗೆರೆಯೂ ಅದರ ಪಕ್ಕದ ಬಿಳಿಯೂ ಸಮನಾಗಿ ಕೆಂಪನ್ನು ಹಿಂದಿರುಗಿಸುವುದರಿಂದ ಗೆರೆ ಬಿಳಿಯಲ್ಲಿ ಕರಗಿ ಕಾಣದಾಗುತ್ತದೆ. ಕ್ಯಾಮೆರಾದ ಕಷ್ಟ ಇದರ ಮೇಲೆ ಬೇರೆ. ಸಾಮಾನ್ಯ ಸಂವೇದಕದಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲಾಗಿವೆ. ಶುದ್ಧ ಕೆಂಪು ಅಥವಾ ಶುದ್ಧ ನೀಲಿ ಬೆಳಕು ಮಾತ್ರ ಇದ್ದಾಗ ನಾಲ್ಕರಲ್ಲಿ ಒಂದು ಬಿಂದು ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಚಿತ್ರದ ಮೊನಚು ಹೋಗುತ್ತದೆ. ಆ ಒಂದು ಬಣ್ಣದ ವಾಹಿನಿ ತುಂಬಿ ಹರಿದರೂ ಒಟ್ಟು ಎಕ್ಸ್‌ಪೋಷರ್ ತೋರಿಸುವ ಅಳತೆ ಸರಿಯಿದೆ ಎಂದೇ ಹೇಳುತ್ತಿರುತ್ತದೆ. ಅಂಥ ದೀಪಗಳಿದ್ದಾಗ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ತೋರಿಸುವ ಪರೇಡ್ ಎಂಬ ನಕ್ಷೆಯನ್ನು ಕ್ಯಾಮೆರಾ ಅಥವಾ ಮಾನಿಟರಿನಲ್ಲಿ ನೋಡಿ, ಅಂಚಿಗೆ ಮುಟ್ಟಿದ ವಾಹಿನಿ ಒಳಗೆ ಬರುವವರೆಗೆ ಎಕ್ಸ್‌ಪೋಷರ್ ಇಳಿಸಿ. ಅಳಿಸಿಹೋದ ಗೆರೆ ದಾಖಲೆಯಲ್ಲೇ ಇಲ್ಲದಿರುವುದರಿಂದ ಎಡಿಟಿಂಗ್ ಮೇಜಿನಲ್ಲಿ ಅದನ್ನು ಮರಳಿ ತರಲಾಗದು.

ಸಂಘಟಕರೊಡನೆ ಮುಂಚಿತವಾಗಿ ಮಾತನಾಡುವ ಅವಕಾಶವಿದ್ದರೆ ಇಷ್ಟನ್ನು ಕೇಳಿಕೊಳ್ಳಿ: ಮುಂದಿನಿಂದ ಬೀಳುವ ಬೆಳಕು ಜೆಲ್ ಇಲ್ಲದ ಬಿಳಿಯಾಗಿರಲಿ, ಬಣ್ಣ ಬೇಕಿದ್ದರೆ ಹಿಂದಿನಿಂದ ಅಥವಾ ಪಕ್ಕದಿಂದ ಬರಲಿ. ಆಗ ಮುಂದಲೆಯ ಅಂಚಿಗೆ, ಭುಜಕೀರ್ತಿಗೆ ಬಣ್ಣದ ಗೆರೆ ಹತ್ತುತ್ತದೆ, ಮುಖ ಮಾತ್ರ ತನ್ನ ಬಣ್ಣದಲ್ಲಿಯೇ ಉಳಿಯುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅನ್ನು ಆ ಮುಂದಿನ ದೀಪಕ್ಕೆ ಹೊಂದಿಸಿ, ಬೆಳಗಿನವರೆಗೂ ಅಲುಗಿಸಬೇಡಿ. ಆಟೋ ಇಟ್ಟರೆ ಕೆಂಪು ವೇಷ ಪ್ರವೇಶಿಸಿದೊಡನೆ ಕ್ಯಾಮೆರಾ ಕೆಂಪು ಹೆಚ್ಚಾಯಿತೆಂದು ಭಾವಿಸಿ ಎಲ್ಲರ ಮುಖವನ್ನೂ ನೀಲಿಗೆ ತಳ್ಳುತ್ತದೆ, ವೇಷ ಮರಳಿದಾಗ ಮತ್ತೆ ಬದಲಾಗುತ್ತದೆ. ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸುವವರು ವೈಟ್ ಬ್ಯಾಲೆನ್ಸ್ ಲಾಕ್ ಮಾಡಲು ಬಿಡುವ ಆ್ಯಪ್ ಬಳಸಲೇಬೇಕು.

ಹಿಂದೆ ಈ ಆಟ ದೊಂದಿಯ ಬೆಳಕಿನಲ್ಲಿ ನಡೆಯುತ್ತಿತ್ತು, ಇಂದಿಗೂ ಕೆಲವೆಡೆ ಹಾಗೆ ಆಡಿಸುತ್ತಾರೆ. ಅದನ್ನು ದಾಖಲಿಸುವಾಗ ಜ್ವಾಲೆಯ 1900 ಕೆಲ್ವಿನ್ನಿಗೆ ಬಿಳಿ ಹೊಂದಿಸಬೇಡಿ, ಬೆಂಕಿಯ ಬಣ್ಣವೇ ಹೊರಟುಹೋಗುತ್ತದೆ. 3200ಕ್ಕೆ ಇಟ್ಟರೆ ಜ್ವಾಲೆ ಹೊನ್ನಿನ ಬಣ್ಣದಲ್ಲಿ ಉಳಿಯುತ್ತದೆ. ಬೆಳಕು ಸಾಲದೆ ಎಲ್‌ಇಡಿ ಸೇರಿಸಬೇಕಾದರೆ ಅದನ್ನು 2200ರಿಂದ 2400ರ ಒಳಗೆ ಇರಿಸಿ, ಅಷ್ಟು ಕೆಳಗೆ ಇಳಿಯದ ದೀಪವಾದರೆ ಅದರ 3200ಕ್ಕೆ ಹಾಫ್ ಸಿಟಿಓ ಹಾಕಿ.

ಪ್ರಶ್ನೆ: ಬೆಳದಿಂಗಳ ದೃಶ್ಯಕ್ಕೆ ಎಷ್ಟು ನೀಲಿ ಹಾಕಬೇಕು?

ಉತ್ತರ: ಹಾಕಬೇಕೆಂದು ತೋರುವುದಕ್ಕಿಂತ ಕಡಿಮೆ. ಚಂದ್ರನ ಬೆಳಕು ಪ್ರತಿಫಲಿಸಿದ ಬಿಸಿಲೇ ಆಗಿದ್ದು, ಅಳೆದರೆ ಅದರ ವರ್ಣತಾಪ 4100 ಕೆಲ್ವಿನ್ನಿನ ಆಸುಪಾಸು, ಎಂದರೆ ನೇರ ಬಿಸಿಲಿಗಿಂತ ತುಸು ಹಳದಿಯೇ. ಅದು ನೀಲಿಯೆಂಬ ಭಾವನೆ ನಮ್ಮ ಕಣ್ಣಿನಿಂದ ಬಂದದ್ದು. ಮಂದ ಬೆಳಕಿನಲ್ಲಿ ಕಣ್ಣು ಕೆಂಪಿಗೆ ಕುರುಡಾಗಿ ನೀಲಿ-ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಚೆಕ್ ಶರೀರಶಾಸ್ತ್ರಜ್ಞ ಪುರ್ಕಿನ್ಯೆ 19ನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗುರುತಿಸಿದರು. ಮುಸ್ಸಂಜೆಯಲ್ಲಿ ಅಂಗಳದ ಕೆಂಪು ದಾಸವಾಳ ಎಲೆಗಳಿಗಿಂತ ಮೊದಲು ಕಪ್ಪಾಗುವುದನ್ನು ನೀವೂ ನೋಡಿರಬಹುದು. ನಮ್ಮ ಭಾಷೆ ಬೆಳದಿಂಗಳನ್ನು ಹಾಲಿಗೆ ಹೋಲಿಸಿದೆಯೇ ಹೊರತು ನೀಲಿಗೆ ಅಲ್ಲ ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿದೆ.

ಕ್ಯಾಮೆರಾ 3200ರಲ್ಲಿರಲಿ. ಚಂದ್ರನಿಗಾಗಿ ಟಂಗ್‌ಸ್ಟನ್ ದೀಪ ಬಳಸಿದರೆ ಹಾಫ್ ಸಿಟಿಬಿ ಹಾಕಿ, ಬೆಳಕು 4300ಕ್ಕೆ ಬರುತ್ತದೆ. ಎಚ್‌ಎಂಐ ಎಂಬ, 5600ರ ಹಗಲು ಬಣ್ಣದ ದೀಪ ಬಳಸಿದರೆ ಕ್ವಾರ್ಟರ್ ಸಿಟಿಓ ಹಾಕಿ, ಅದು 4100ಕ್ಕೆ ಇಳಿಯುತ್ತದೆ. ಎರಡರಿಂದಲೂ ಹಾಲಿಗೆ ತುಸು ನೀಲಿ ಬೆರೆಸಿದಂಥ ಬಣ್ಣ ಸಿಗುತ್ತದೆ. ಫ್ರೇಮಿನಲ್ಲಿ ಎಲ್ಲೋ ಒಂದು ಲಾಟೀನು ಅಥವಾ ಬಾಗಿಲ ಸಂದಿನ ಹಳದಿ ಬೆಳಕು ಇದ್ದರೆ ಅಷ್ಟು ನೀಲಿಯೇ ಬೇಕಾದಷ್ಟಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಹಳೆಯ ಕಚೇರಿಯೊಂದರಲ್ಲಿ ಟ್ಯೂಬ್‌ಲೈಟ್‌ಗಳ ಕೆಳಗೆ ಚಿತ್ರೀಕರಿಸಿದಾಗ ಎಲ್ಲರ ಮುಖವೂ ಕಾಯಿಲೆ ಬಿದ್ದವರಂತೆ ಹಸಿರಾಗಿತ್ತು. ಸಿಟಿಓ ಹಾಕಿದರೂ ಸರಿಯಾಗಲಿಲ್ಲ.

ಉತ್ತರ: ಸಿಟಿಓ ಮತ್ತು ಸಿಟಿಬಿ ಕೆಲಸ ಮಾಡುವುದು ಕಿತ್ತಳೆ ಮತ್ತು ನೀಲಿಯ ನಡುವಿನ ದಾರಿಯಲ್ಲಿ. ನಿಮ್ಮ ಟ್ಯೂಬ್‌ಗಳ ದೋಷ ಹಸಿರು ಮತ್ತು ಮಜೆಂಟಾ ನಡುವಿನದು. ಒಳಗಿನ ಪಾದರಸದ ಆವಿ 546 ನ್ಯಾನೊಮೀಟರ್ ಹತ್ತಿರ ಹಸಿರಿನ ಒಂದು ತೀವ್ರ ಗೆರೆಯನ್ನು ಸೂಸುತ್ತದೆ. ಇದಕ್ಕೆ ಮೈನಸ್ ಗ್ರೀನ್ ಎಂಬ ಬೇರೆ ಜೆಲ್ ಇದೆ, ಅದರ ಬಣ್ಣ ತಿಳಿ ಮಜೆಂಟಾ. ಚಾವಣಿಯಲ್ಲಿ ಐವತ್ತು ಟ್ಯೂಬ್‌ಗಳಿದ್ದು ಪ್ರತಿಯೊಂದಕ್ಕೂ ಸುತ್ತಲು ಸಾಧ್ಯವಿಲ್ಲದಿದ್ದರೆ ತದ್ವಿರುದ್ಧವಾಗಿ ನಡೆಯಿರಿ: ನೀವು ತಂದ ಹಗಲು ಬಣ್ಣದ ದೀಪಗಳಿಗೆ ಪ್ಲಸ್ ಗ್ರೀನ್ ಹಾಕಿ ಅವನ್ನೂ ಟ್ಯೂಬ್‌ಗಳಷ್ಟೇ ಹಸಿರು ಮಾಡಿ, ಅನಂತರ ಆ ಬೆಳಕಿನಲ್ಲಿ ಬೂದು ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ. ಎಲ್ಲ ಬೆಳಕಿನಲ್ಲೂ ಹಸಿರು ಸಮನಾಗಿರುವುದರಿಂದ ಕ್ಯಾಮೆರಾ ಅದನ್ನು ಒಟ್ಟಿಗೆ ಕಳೆದುಬಿಡುತ್ತದೆ. ಆದರೆ ಆ ಫ್ರೇಮಿನಲ್ಲಿ ಕಿಟಕಿ ಬಂದರೆ ಹೊರಗಿನ ಹಗಲು ಮಜೆಂಟಾ ಆಗುತ್ತದೆ, ಕಿಟಕಿಗೂ ಪ್ಲಸ್ ಗ್ರೀನ್ ಹಚ್ಚಬೇಕಾಗುತ್ತದೆ.

ಪ್ರಶ್ನೆ: ಜೆಲ್ ದುಬಾರಿ. ಅಂಗಡಿಯಲ್ಲಿ ಉಡುಗೊರೆ ಸುತ್ತಲು ಮಾರುವ ಬಣ್ಣದ ಪಾರದರ್ಶಕ ಕಾಗದ ಬಳಸಬಹುದೇ?

ಉತ್ತರ: ಬಿಸಿಯಾಗುವ ದೀಪದ ಮುಂದೆ ಖಂಡಿತ ಬೇಡ, ಅದು ಹೊತ್ತಿಕೊಳ್ಳುತ್ತದೆ. ಹಿಂದೆ ರಂಗಭೂಮಿಯ ದೀಪಗಳಿಗೆ ಹಾಕುವ ಈ ಹಾಳೆಗಳನ್ನು ಜೆಲಟಿನ್‌ನಿಂದಲೇ ಮಾಡುತ್ತಿದ್ದುದರಿಂದ ಜೆಲ್ ಎಂಬ ಹೆಸರು ಉಳಿದಿದೆ. ಇಂದಿನವು ಶಾಖ ತಡೆಯುವ ಪಾಲಿಯೆಸ್ಟರ್ ಅಥವಾ ಪಾಲಿಕಾರ್ಬೊನೇಟ್ ಹಾಳೆಗಳು. ಅವನ್ನು ಕೂಡ ದೀಪದ ಗಾಜಿಗೆ ಅಂಟಿಸಬಾರದು. ಬಾರ್ನ್ ಡೋರ್‌ಗಳ (ದೀಪದ ಮುಂದಿನ ಮಡಚುವ ಲೋಹದ ರೆಕ್ಕೆಗಳ) ಹೊರ ಅಂಚಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್‌ನಿಂದ ಸಿಕ್ಕಿಸಿ, ಬಿಸಿ ಗಾಳಿ ಹೊರಹೋಗಲು ಜಾಗ ಬಿಡಿ. ಗಾಢ ನೀಲಿಯಂಥ ಹಾಳೆಗಳು ತಡೆದ ಬೆಳಕನ್ನೆಲ್ಲ ಶಾಖವಾಗಿ ತಮ್ಮಲ್ಲೇ ಇಟ್ಟುಕೊಳ್ಳುವುದರಿಂದ ಬೇಗ ಬಣ್ಣಗೆಟ್ಟು ನಡುವೆ ಬೆಳ್ಳಗಾಗುತ್ತವೆ. ದಿನಕ್ಕೊಮ್ಮೆಯಾದರೂ ಬೆಳಕಿಗೆ ಹಿಡಿದು ನೋಡಿ. ಬಿಸಿಯಾಗದ ಸಣ್ಣ ಎಲ್‌ಇಡಿಗೆ ಹಿನ್ನೆಲೆಯ ಗೋಡೆಗೆ ಬಣ್ಣ ಹಚ್ಚಲು ಅಂಗಡಿಯ ಕಾಗದ ನಡೆದೀತು, ಮುಖದ ಮೇಲೆ ಮಾತ್ರ ಬೇಡ, ಏಕೆಂದರೆ ಅದಕ್ಕೆ ನಿಶ್ಚಿತವಾದ ಅಳತೆ ಇರುವುದಿಲ್ಲ. ಕಡಿಮೆ ಖರ್ಚಿನ ಉಪಾಯ ಬೇಕಾದರೆ ಬಲ್ಬುಗಳನ್ನೇ ಬದಲಿಸಿ. ಮನೆಬಳಕೆಯ ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 2700, 3000, 4000 ಅಥವಾ 6500 ಎಂದು ಕೆಲ್ವಿನ್ ಅಂಕಿ ಮುದ್ರಿಸಿರುತ್ತಾರೆ. ದೃಶ್ಯದಲ್ಲಿ ಕಾಣುವ ಬಲ್ಬುಗಳನ್ನು ಒಂದೇ ಅಂಕಿಯವಾಗಿ ಆರಿಸಿಕೊಂಡರೆ ಜೆಲ್‌ನ ಅಗತ್ಯವೇ ಬಹಳಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ: ನಾವು ರಾ ಫಾರ್ಮ್ಯಾಟ್‌ನಲ್ಲಿ ಚಿತ್ರೀಕರಿಸುತ್ತೇವೆ. ವೈಟ್ ಬ್ಯಾಲೆನ್ಸ್ ಅನ್ನು ಆಮೇಲೆ ಬದಲಿಸಬಹುದಾದ್ದರಿಂದ ಸೆಟ್ಟಿನಲ್ಲಿ ಅದರ ಚಿಂತೆ ಏಕೆ ಬೇಕು?

ಉತ್ತರ: ರಾ ದಾಖಲೆಯಲ್ಲಿ ವೈಟ್ ಬ್ಯಾಲೆನ್ಸ್ ಚಿತ್ರದೊಳಗೆ ಬೆರೆತುಹೋಗದೆ ಟಿಪ್ಪಣಿಯಾಗಿ ಉಳಿಯುತ್ತದೆ ಎಂಬುದು ನಿಜ, ಅದು ದೊಡ್ಡ ಅನುಕೂಲ. ಆದರೆ ಗ್ರೇಡಿಂಗ್‌ನಲ್ಲಿ, ಎಂದರೆ ಚಿತ್ರೀಕರಣದ ಆಮೇಲಿನ ಬಣ್ಣ ತಿದ್ದುವ ಕೆಲಸದಲ್ಲಿ, ಬದಲಾಗುವುದು ಇಡೀ ಫ್ರೇಮಿನ ಬಿಳಿ. ಒಂದು ಕೆನ್ನೆಗೆ 3200ರ ದೀಪ, ಇನ್ನೊಂದು ಕೆನ್ನೆಗೆ 6500ರ ಕಿಟಕಿ ಬಿದ್ದಿದ್ದರೆ ಆ ಎರಡು ಬೆಳಕುಗಳನ್ನು ಮೂಗಿನ ಗೆರೆಯಗುಂಟ ಬೇರ್ಪಡಿಸಿ ತಿದ್ದುವುದು, ಅದೂ ನಟಿ ಮುಖ ತಿರುಗಿಸುತ್ತಿರುವಾಗ, ದಿನಗಟ್ಟಲೆಯ ಕೆಲಸ. ಸೆಟ್ಟಿನಲ್ಲಿ ಅದೇ ಕೆಲಸ ಕ್ವಾರ್ಟರ್ ಜೆಲ್‌ನ ಒಂದು ಹಾಳೆಯಿಂದ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಇದಲ್ಲದೆ ಹೆಚ್ಚಿನ ಡಿಜಿಟಲ್ ಸಂವೇದಕಗಳು ಸ್ವಭಾವತಃ ಹಗಲಿನ ಬೆಳಕಿಗೆ ಹತ್ತಿರ. ಟಂಗ್‌ಸ್ಟನ್ ಬೆಳಕಿನಲ್ಲಿ ನೀಲಿ ವಾಹಿನಿಗೆ ಸಿಗುವ ಬೆಳಕು ಕಡಿಮೆಯಾಗಿ, ಅದನ್ನು ಆಮೇಲೆ ಎತ್ತಿ ಹಿಗ್ಗಿಸಿದಾಗ ನೆರಳುಗಳಲ್ಲಿ ನೀಲಿ ಕಾಳುಗಳು ಏಳುತ್ತವೆ. ಆದ್ದರಿಂದ ಟಂಗ್‌ಸ್ಟನ್ ಬೆಳಕಿನಲ್ಲಿ ರಾ ಚಿತ್ರೀಕರಿಸುವಾಗ ಎಕ್ಸ್‌ಪೋಷರ್ ಕಡಿಮೆಯಾಗದಂತೆ ವಿಶೇಷವಾಗಿ ನೋಡಿಕೊಳ್ಳಿ. ಪ್ರತಿ ದೀಪ ವಿನ್ಯಾಸದ ಆರಂಭದಲ್ಲಿ, ಪಾತ್ರಧಾರಿಯ ಮುಖವಿರುವ ಜಾಗದಲ್ಲಿಯೇ ಬೂದು ಕಾರ್ಡ್ ಹಿಡಿದು ಎರಡು ಸೆಕೆಂಡ್ ದಾಖಲಿಸಿ; ಬಣ್ಣದ ಜೆಲ್ ಇದ್ದ ದೃಶ್ಯವಾದರೆ ಜೆಲ್ ಇಲ್ಲದ ಮುಖ್ಯ ದೀಪವೊಂದನ್ನೇ ಉರಿಸಿ ಒಮ್ಮೆ, ಎಲ್ಲ ದೀಪಗಳನ್ನೂ ಉರಿಸಿ ಇನ್ನೊಮ್ಮೆ ದಾಖಲಿಸಿ. ಗ್ರೇಡಿಂಗ್ ಮಾಡುವವರಿಗೆ ಬಿಳಿ ಎಲ್ಲಿತ್ತು, ನೀವು ಬೇಕೆಂದೇ ಸೇರಿಸಿದ ಬಣ್ಣ ಎಷ್ಟಿತ್ತು ಎಂಬೆರಡೂ ಆಗ ಕೇಳದೆಯೇ ತಿಳಿಯುತ್ತವೆ.